ಮೇಷ್ಟ್ರ ಡಬ್ಬಿಯ ಕ್ರಿಸ್ಟಲ್

ನಮ್ಮ ಭೌತಶಾಸ್ತ್ರದ ಮೇಷ್ಟ್ರು ತೀರಿಕೊಂಡರೆಂದು ಸ್ನೇಹಿತ ಫೋನ್ ಮಾಡಿದಾಗ ಮೊದಲು ಕಣ್ಣ ಮುಂದೆ ಬಂದದ್ದು ಅವರ ಬೆರಳುಗಳು. ಗಾಜಿನಂಥ ಪುಟ್ಟ ಚೌಕವೊಂದನ್ನು ಅಂಚಿನಲ್ಲಷ್ಟೇ ಹಿಡಿದು, ಕಿಟಕಿಯ ಬೆಳಕಿಗೆ ಒಡ್ಡಿ ನೋಡುತ್ತಿದ್ದ ಬೆರಳುಗಳು.

ಎಪ್ಪತ್ತರ ದಶಕದ ಕೊನೆ. ಪಿಯುಸಿಯಲ್ಲಿ ಏನೇನು ಓದಿದೆನೋ, ಈಗ ಒಂದು ಪಾಠದ ಹೆಸರೂ ನೆನಪಿಲ್ಲ. ನೆನಪಿರುವುದು ಪ್ರಯೋಗಾಲಯದ ಹಿಂದಿನ ಕತ್ತಲೆಕೋಣೆ ಮತ್ತು ಮೇಷ್ಟ್ರು ಅಲ್ಲಿ ಕೈಯಾರೆ ಕಟ್ಟಿದ್ದ ಹ್ಯಾಮ್ (ಹವ್ಯಾಸಿ ರೇಡಿಯೋ) ಟ್ರಾನ್ಸ್‌ಮಿಟರ್. ಅದರಲ್ಲಿ ಕಂಪನಾಂಕ ಬದಲಿಸಲು ತಿರುಗಿಸುವ ಗುಂಡಿ ಇರಲಿಲ್ಲ. ಎರಡು ಕಾಲಿನ ಕಪ್ಪು ಬೇಕಲೈಟ್ ಬಿಲ್ಲೆಯನ್ನು ಕಿತ್ತು, ಬೇರೆ ಅಂಕಿಯದನ್ನು ಕೂರಿಸಬೇಕಿತ್ತು. ಎರಡನೆಯ ಮಹಾಯುದ್ಧದ ಕಾಲದ ಎಫ್‌ಟಿ-243 ಮಾದರಿಯ ಕ್ರಿಸ್ಟಲ್‌ಗಳವು; ಟ್ರಾನ್ಸ್‌ಮಿಟರಿನ ಕಂಪನಾಂಕವನ್ನು ನಿರ್ಧರಿಸುವುದು ಅವುಗಳೊಳಗಿನ ಸ್ಫಟಿಕವೇ. ಮೇಷ್ಟ್ರು ಬೆಂಗಳೂರಿನ ಗುಜರಿ ಅಂಗಡಿಗಳಲ್ಲಿ ಹುಡುಕಿ ತರುತ್ತಿದ್ದರು. ಹ್ಯಾಮ್‌ಗಳಿಗೆ ಆಗ ಇದ್ದ ಕಂಪನಾಂಕದ ಪಟ್ಟಿಗಳಲ್ಲಿ ಒಂದು 7000ದಿಂದ 7100 ಕಿಲೋಹರ್ಟ್ಸ್. ಸಿಗುತ್ತಿದ್ದ ಕ್ರಿಸ್ಟಲ್‌ಗಳೋ ಹಲವು ಬಾರಿ ಅದಕ್ಕಿಂತ ಸ್ವಲ್ಪ ಕೆಳಗಿನವು.

ಅದಕ್ಕೂ ಉಪಾಯವಿತ್ತು. ಮೂರು ತಿರುಪು ಬಿಚ್ಚಿದರೆ ಒಳಗೆ ಸ್ಪ್ರಿಂಗ್, ಎರಡು ಲೋಹದ ಫಲಕ, ನಡುವೆ ಸ್ಫಟಿಕದ ಹಲ್ಲೆ, ಅಂದರೆ ತೆಳ್ಳನೆಯ ಚೌಕ ತುಂಡು. ದಪ್ಪ ಕಡಿಮೆಯಾದಷ್ಟೂ ಕಂಪನಾಂಕ ಏರುತ್ತದೆ. ಗಾಜಿನ ಮೇಲೆ ನುಣುಪಾದ ಸಾಣೆಪುಡಿ, ಎರಡು ಹನಿ ನೀರು. ಹಲ್ಲೆಯನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಹಗುರವಾಗಿ ಉಜ್ಜಬೇಕು, ಸೋಪಿನ ನೀರಿನಲ್ಲಿ ತೊಳೆಯಬೇಕು, ಒಣಗಿಸಿ ಕೂರಿಸಿ ನೋಡಬೇಕು. ಬೆರಳಿನ ಜಿಡ್ಡು ತಗುಲಿದರೂ ಅದು ಮಿಡಿಯದು. 6985ರ ಕ್ರಿಸ್ಟಲ್ಲನ್ನು 7025ಕ್ಕೆ ಏರಿಸಲು ಮೇಷ್ಟ್ರು ಮೂರು ಸಂಜೆ ತೆಗೆದುಕೊಳ್ಳುತ್ತಿದ್ದರು.

ನನಗೂ ನನ್ನ ಗೆಳೆಯನಿಗೂ ಅಷ್ಟು ತಾಳ್ಮೆ ಎಲ್ಲಿಯದು? ಅವರು ಊಟಕ್ಕೆ ಹೋದ ಒಂದು ಮಧ್ಯಾಹ್ನ ಬೀಗದ ಕೈ ಎಗರಿಸಿ ಒಳಹೊಕ್ಕೆವು. ಬೇಗ ಮುಗಿಯಲೆಂದು ತರಿ ಪುಡಿಯ ಡಬ್ಬಿಗೇ ಕೈ ಹಾಕಿದೆವು. ಹತ್ತು ನಿಮಿಷಕ್ಕೆ ಕ್ರಿಸ್ಟಲ್ಲಿನ ಕಂಪನಾಂಕ 7100 ದಾಟಿ ಆಚೆ ಹೋಗಿತ್ತು. ಪೆನ್ಸಿಲ್ಲಿನ ಸೀಸ ಬಳಿದರೆ ಕಂಪನಾಂಕ ತುಸು ಇಳಿಯುತ್ತದೆಂದು ಮೇಷ್ಟ್ರೇ ಹೇಳಿದ್ದರಲ್ಲ, ಗೀಚಿದೆವು. ಇನ್ನಷ್ಟು ಗೀಚಿದೆವು. ಕ್ರಿಸ್ಟಲ್ ಮೂಕವಾಯಿತು.

ಮೇಷ್ಟ್ರು ಬಂದು ನೋಡಿದರು. ಬೈಯಲಿಲ್ಲ. ಕರಿಹಲಗೆಯ ಮೇಲೆ 1670 ಬರೆದು, "ಇದನ್ನು ಕಿಲೋಹರ್ಟ್ಸ್‌ನಿಂದ ಭಾಗಿಸಿ. ದಪ್ಪ ಮಿಲಿಮೀಟರಿನಲ್ಲಿ ಬರುತ್ತದೆ" ಎಂದರು. ಹಲ್ಲೆಯ ದಪ್ಪ ಸುಮಾರು 0.24. ನಾವು ತೆಗೆಯಬೇಕಿದ್ದದ್ದು ಒಂದೂವರೆ ಮೈಕ್ರಾನಿಗೂ ಕಡಿಮೆ; ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. "ಉಜ್ಜಿ ಹೋದದ್ದನ್ನು ಮತ್ತೆ ಮೆತ್ತಲು ಇದೇನು ಗೋಡೆಯೇನಪ್ಪಾ?" ಎಂದವರೇ ಇನ್ನೊಂದು ಕ್ರಿಸ್ಟಲ್ ನನ್ನ ಕೈಗಿತ್ತರು. ಅದನ್ನು ನಾನು ನಾಲ್ಕು ಸಂಜೆ ಉಜ್ಜಿದೆ. 7025ಕ್ಕೆ ಬಂದು ನಿಂತಿತು.

ಮುಂದೆ ವೈರ್‌ಲೆಸ್ ಸೆಟ್‌ಗಳ ದುರಸ್ತಿಯೇ ನನ್ನ ಕಸುಬಾಯಿತು. ಆ ಸೆಟ್‌ಗಳಲ್ಲಿ ಪ್ರತಿ ಚಾನೆಲ್‌ಗೆ ಎರಡು ಕ್ರಿಸ್ಟಲ್, ಕಳಿಸಲು ಒಂದು, ಕೇಳಲು ಒಂದು. ಹೊಸದನ್ನು ಕೂರಿಸಿ, ಟ್ರಿಮ್ಮರ್ ತಿರುಗಿಸಿ ಕರಾರುವಾಕ್ಕಾಗಿ ಹೊಂದಿಸುವುದರಲ್ಲಿ ನನ್ನ ಕೈ ಎಷ್ಟು ನಂಬಿಕಸ್ತವೆಂದರೆ, ದೂರದ ಊರುಗಳಿಂದಲೂ ಸೆಟ್‌ಗಳನ್ನು ನನ್ನ ಬಳಿಗೇ ಕಳಿಸುತ್ತಿದ್ದರು. ಈಗ ಅಂಕಿ ಒತ್ತಿದರೆ ಚಾನೆಲ್ ಬದಲಾಗುತ್ತದೆ, ಒಳ್ಳೆಯದೇ. ಆದರೆ ಇಂದಿನ ಪ್ರಯೋಗಾಲಯಗಳಲ್ಲಿ ಮಕ್ಕಳು ಪರದೆಯ ಮೇಲೆ ಪ್ರಯೋಗ ಮುಗಿಸಿ ಎದ್ದುಹೋಗುವುದನ್ನು ಕಂಡಾಗ ಸಂಕಟವಾಗುತ್ತದೆ. ಅವರಿಗೆ ಹಾಳುಮಾಡಲು ಒಂದು ವಸ್ತುವನ್ನಾದರೂ ಕೊಡಿ ಎಂದು ಅಧ್ಯಾಪಕ ಮಿತ್ರರಲ್ಲಿ ಬೇಡುತ್ತೇನೆ.

ವೈಕುಂಠ ಸಮಾರಾಧನೆಯ ದಿನ ಮೇಷ್ಟ್ರ ಮಗಳು ಒಂದು ತಗಡಿನ ಡಬ್ಬಿ ಕೊಟ್ಟರು. ಒಳಗೆ ಹತ್ತಿಯಲ್ಲಿ ಸುತ್ತಿದ ನಮ್ಮ ಹಲ್ಲೆ, ಪೆನ್ಸಿಲ್ ಗೀಚು ಹಾಗೆಯೇ ಇತ್ತು. ಮನೆಗೆ ತಂದು ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಹಳೆಯ ಹೋಲ್ಡರ್‌ನಲ್ಲಿ ಕೂರಿಸಿದೆ. ಮಿಡಿಯಿತು. ಮಾಪಕ 7118 ತೋರಿಸಿತು.

ಈಗ ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ 7200ರವರೆಗೂ ಅನುಮತಿಯಿದೆ. ಮರುದಿನ ಬೆಳಿಗ್ಗೆ ಆ ಕ್ರಿಸ್ಟಲ್ಲಿನ ಮೇಲೆಯೇ ಮೋರ್ಸ್‌ನಲ್ಲಿ ಕರೆ ಕೊಟ್ಟೆ. ಮೂರನೆಯ ಕರೆಗೆ ತಿರುವನಂತಪುರದಿಂದ ಒಬ್ಬರು ಉತ್ತರಿಸಿದರು.