ಮೊದಲು ಸೆನ್ಸರ್, ಆಮೇಲೆ ಮ್ಯಾಪ್: ಹಳೆಯ ಎಂಎಕ್ಸ್-5ಗೆ ಹೊಸ ಇಸಿಯು

ಹಳೆಯ ಸ್ಪೋರ್ಟ್ಸ್ ಕಾರಿಗೆ ಬೇರೆ ಇಸಿಯು (ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಅಂತ ತೀರ್ಮಾನಿಸುವ ಪುಟ್ಟ ಕಂಪ್ಯೂಟರ್) ಹಾಕಿದ್ದೇನೆ ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ಪವರ್ ಎಷ್ಟು ಜಾಸ್ತಿ ಆಯ್ತು? ಇಂಜಿನ್ ಒಳಗೆ ಏನೂ ಮುಟ್ಟದೆ ಬರೀ ಇಸಿಯು ಬದಲಾಯಿಸಿದರೆ ಪವರ್ ಸಿಗೋದು ಸ್ವಲ್ಪವೇ. ಅದಕ್ಕೋಸ್ಕರ ನಾನು ಈ ಕೆಲಸಕ್ಕೆ ಕೈ ಹಾಕಲೂ ಇಲ್ಲ. ಇಂಜಿನ್ ಒಳಗೆ ಏನು ನಡೀತಿದೆ, ಎಷ್ಟು ಗಾಳಿ ಹೋಗ್ತಿದೆ, ಎಷ್ಟು ಪೆಟ್ರೋಲ್ ಬೀಳ್ತಿದೆ, ಕಿಡಿ ಯಾವಾಗ ಹಾರುತ್ತಿದೆ, ಇದೆಲ್ಲ ಕಣ್ಣಿಗೆ ಕಾಣಬೇಕಿತ್ತು. ಕಂಡದ್ದನ್ನು ನನ್ನ ಕೈಯಾರೆ ತಿದ್ದಬೇಕಿತ್ತು.

ನನ್ನದು ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5. 1989ರ ಶಿಕಾಗೋ ಆಟೋ ಶೋದಲ್ಲಿ ಮೊದಲು ಕಾಣಿಸಿಕೊಂಡ, ಹೆಡ್‌ಲೈಟ್ ಎದ್ದು ನಿಲ್ಲುವ ಮಾಡೆಲ್. 1.6 ಲೀಟರ್ ಇಂಜಿನ್, ಮ್ಯಾನ್ಯುಯಲ್ ಗೇರ್. ಆ ಕಾಲಕ್ಕೆ ಅದರ ಫ್ಯೂಯಲ್ ಇಂಜೆಕ್ಷನ್ ನಿಜವಾಗಲೂ ಚೆನ್ನಾಗಿತ್ತು. ಗಾಳಿ ಒಳಗೆ ಹೋಗುವ ದಾರಿಯಲ್ಲಿ ಸ್ಪ್ರಿಂಗ್ ಕಟ್ಟಿದ ಒಂದು ಸಣ್ಣ ಬಾಗಿಲು ಇರುತ್ತೆ. ಗಾಳಿ ತಳ್ಳಿದಷ್ಟು ಅದು ತೆರೆಯುತ್ತೆ. ಎಷ್ಟು ತೆರೆಯಿತು ಅನ್ನೋದನ್ನು ನೋಡಿಕೊಂಡು ಇಸಿಯು ಪೆಟ್ರೋಲ್ ಲೆಕ್ಕ ಹಾಕುತ್ತೆ. ಇದೇ ಏರ್ ಫ್ಲೋ ಮೀಟರ್. ಬಾಗಿಲಿಗೆ ಅಂಟಿಕೊಂಡ ಒಂದು ತೆಳು ಲೋಹದ ಕಡ್ಡಿ ಕಾರ್ಬನ್ ಪಟ್ಟಿಯ ಮೇಲೆ ಉಜ್ಜುತ್ತಾ ಓಡಾಡುತ್ತೆ. ಮೂವತ್ತು ವರ್ಷಕ್ಕೂ ಮೇಲೆ ಉಜ್ಜಿದರೆ ಪಟ್ಟಿ ಸವೆಯದೆ ಇರುತ್ತಾ? ನನ್ನ ಮೀಟರಿನ ಮುಚ್ಚಳ ತೆಗೆದು ನೋಡಿದಾಗ, ನಿಧಾನ ವೇಗದಲ್ಲಿ ಕಡ್ಡಿ ನಿಲ್ಲುವ ಜಾಗದಲ್ಲೇ ಒಂದು ಹೊಳೆಯುವ ಗೀರು ಇತ್ತು. ಅದೇ ಜಾಗದಲ್ಲಿ ಕಾರು ಆಗಾಗ ಎಳೆದು ಬಿಟ್ಟಂತೆ ಜರ್ಕ್ ಹೊಡೀತಿತ್ತು.

ಹೊಸದಾಗಿ ಹಾಕಿದ್ದು ಮೆಗಾಸ್ಕ್ವರ್ಟ್ ಕುಟುಂಬದ ಇಸಿಯು. ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ ಎಂಬ ಇಬ್ಬರು ಶುರು ಮಾಡಿದ, ನಾವೇ ಬೆಸುಗೆ ಹಾಕಿ ಕಟ್ಟಬಹುದಾದ ಇಸಿಯು ಅದು. ಮುಚ್ಚಿದ ಡಬ್ಬದೊಳಗಿನ ಲೆಕ್ಕವನ್ನು ಸಾಮಾನ್ಯ ಜನರ ಕೈಗೆ ಕೊಟ್ಟಿದ್ದಕ್ಕೆ ಅವರಿಬ್ಬರ ಮೇಲೆ ನನಗೆ ದೊಡ್ಡ ಗೌರವ. ಈ ಇಸಿಯುಗೆ ಬಾಗಿಲು ಬೇಡ. ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒಳಗಿನ ಒತ್ತಡ, ಗಾಳಿಯ ಉಷ್ಣತೆ, ಆರ್‌ಪಿಎಂ, ಈ ಮೂರರಿಂದ ಗಾಳಿಯ ತೂಕ ಲೆಕ್ಕ ಹಾಕುತ್ತೆ. ಇದೇನೂ ಹೊಸ ವಿಚಾರ ಅಲ್ಲ. 1967ರಲ್ಲಿ ಫೋಕ್ಸ್‌ವ್ಯಾಗನ್ 1600ಗೆ ಬಂದ ಬಾಷ್ ಡಿ-ಜೆಟ್ರಾನಿಕ್ ಕೂಡ ಒತ್ತಡವನ್ನೇ ಅಳೀತಿತ್ತು. ಬಾಗಿಲಿನ ಮೀಟರ್ ಬಂದದ್ದು ಅದಾದ ಮೇಲೆ, ಎಪ್ಪತ್ತರ ದಶಕದಲ್ಲಿ.

ಏರ್ ಫ್ಲೋ ಮೀಟರ್ ತೆಗೆದು ಹಾಕುವ ಮುಂಚೆ ಒಂದು ವಿಷಯ ಗಮನಿಸಲೇಬೇಕು. ಈ ಕಾರಿನಲ್ಲಿ ಪೆಟ್ರೋಲ್ ಪಂಪಿನ ಸ್ವಿಚ್ ಇರೋದು ಆ ಬಾಗಿಲಿನಲ್ಲೇ. ಗಾಳಿ ಹರಿದರೆ ಪಂಪ್ ಓಡುತ್ತೆ, ಇಂಜಿನ್ ನಿಂತರೆ ಬಾಗಿಲು ಮುಚ್ಚಿಕೊಂಡು ಪಂಪ್ ನಿಲ್ಲುತ್ತೆ. ಅಪಘಾತದಲ್ಲಿ ಪೈಪ್ ಒಡೆದರೂ ಪೆಟ್ರೋಲ್ ಚಿಮ್ಮುತ್ತಾ ಇರಬಾರದು ಅಂತ ಮಾಡಿದ ಏರ್ಪಾಡು. ಮೀಟರ್ ತೆಗೆದವರು ಎಷ್ಟೋ ಜನ ಆ ಎರಡು ವೈರ್‌ಗಳನ್ನು ಸುಮ್ನೆ ಜೋಡಿಸಿಬಿಡ್ತಾರೆ. ಆಗ ಕೀ ಆನ್ ಇರುವಷ್ಟು ಹೊತ್ತೂ ಪಂಪ್ ಓಡ್ತಾನೇ ಇರುತ್ತೆ. ದಯವಿಟ್ಟು ಹಾಗೆ ಮಾಡಬೇಡಿ. ಪಂಪಿನ ರಿಲೇಯನ್ನು ಹೊಸ ಇಸಿಯು ಕೈಗೆ ಕೊಡಿ. ಕೀ ಹಾಕಿದಾಗ ಒಂದೆರಡು ಸೆಕೆಂಡ್ ಪಂಪ್ ಓಡಲಿ, ಆಮೇಲೆ ಆರ್‌ಪಿಎಂ ಸಿಗ್ನಲ್ ಇದ್ದರೆ ಮಾತ್ರ ಓಡಲಿ. ಒಂದೇ ಒಂದು ವೈರಿನ ಕೆಲಸ ಇದು.

ಗಾಳಿಯ ಉಷ್ಣತೆಯ ಸೆನ್ಸರ್ ಇರೋದೂ ಆ ಮೀಟರಿನ ಒಳಗೇ. ಅದು ಹೋದ ಮೇಲೆ ಬೇರೆ ಹಾಕಬೇಕು, ಎಲ್ಲಿ ಹಾಕ್ತೀರಿ ಅನ್ನೋದು ತುಂಬಾ ಮುಖ್ಯ. ಅಲ್ಯೂಮಿನಿಯಂ ಮ್ಯಾನಿಫೋಲ್ಡಿಗೆ ಹಾಕಿದರೆ ಅದು ಗಾಳಿಯ ಬಿಸಿ ಬದಲು ಲೋಹದ ಬಿಸಿ ಹೇಳುತ್ತೆ. ಬಿಸಿ ಇಂಜಿನ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದಾಗ ಇಸಿಯು ಗಾಳಿ ಕಾದು ತೆಳುವಾಗಿದೆ ಅಂದುಕೊಂಡು ಪೆಟ್ರೋಲ್ ಕಡಿಮೆ ಕೊಡುತ್ತೆ. ಇಂಜಿನ್ ಮುಗ್ಗರಿಸುತ್ತೆ. ನಾನು ಥ್ರಾಟಲ್‌ಗೆ (ಪೆಡಲ್ ಒತ್ತಿದಾಗ ತೆರೆದು ಗಾಳಿ ಒಳಗೆ ಬಿಡುವ ಮುಚ್ಚಳ) ಮುಂಚಿನ ಪ್ಲಾಸ್ಟಿಕ್ ಪೈಪಿನಲ್ಲಿ, ತುದಿ ತೆರೆದಿರುವ ಸೆನ್ಸರ್ ಹಾಕಿದೆ. ಥ್ರಾಟಲ್‌ನದ್ದೂ ಬದಲಾಯಿಸಬೇಕಾಯ್ತು. ಮ್ಯಾನ್ಯುಯಲ್ ಗೇರಿನ 1.6ರಲ್ಲಿ ಬಂದಿರೋದು ಬರೀ ಸ್ವಿಚ್: ಪೂರ್ತಿ ಮುಚ್ಚಿದೆ, ಪೂರ್ತಿ ತೆರೆದಿದೆ, ಇಷ್ಟೇ ಹೇಳುತ್ತೆ. ಪೆಡಲ್ ಎಷ್ಟು ಬೇಗ ಒತ್ತಿದಿರಿ ಅಂತ ಗೊತ್ತಾಗಬೇಕಾದರೆ ನಡುವಿನ ಎಲ್ಲ ಜಾಗವನ್ನೂ ಹೇಳುವ ಸೆನ್ಸರ್ ಬೇಕು.

ಇನ್ನು ಅರ್ತಿಂಗ್. ಈ ಇಡೀ ಬರಹದಲ್ಲಿ ಒಂದೇ ಒಂದು ಪ್ಯಾರಾ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ. ಕಾರು ಐಡ್ಲಿಂಗ್‌ನಲ್ಲಿತ್ತು, ಲ್ಯಾಪ್‌ಟಾಪಿನಲ್ಲಿ ಸೆನ್ಸರ್ ಅಂಕಿಗಳನ್ನು ದಾಖಲಿಸುವ ಲಾಗ್ ಓಡ್ತಿತ್ತು. ರೇಡಿಯೇಟರ್ ಫ್ಯಾನ್ ಆನ್ ಆಯ್ತು. ಆ ಕ್ಷಣದಲ್ಲೇ ನೀರಿನ ಉಷ್ಣತೆಯ ಗೆರೆ ಮೆಟ್ಟಿಲು ಹತ್ತಿದ ಹಾಗೆ ಮೂರ್ನಾಲ್ಕು ಡಿಗ್ರಿ ಮೇಲೆ ಹೋಯ್ತು. ಫ್ಯಾನ್ ನಿಂತಾಗ ಅಷ್ಟೇ ಕೆಳಗೆ ಬಂತು. ಲೀಟರ್‌ಗಟ್ಟಲೆ ನೀರು ಕಣ್ಣು ಮಿಟುಕಿಸೋದರೊಳಗೆ ಬಿಸಿಯಾಗಿ ತಣ್ಣಗಾಗೋಕೆ ಸಾಧ್ಯವೇ ಇಲ್ಲ, ಅಲ್ವಾ? ಥ್ರಾಟಲ್ ಗೆರೆ ನೋಡಿದರೆ ಅದೂ ಅದೇ ಹೊತ್ತಿಗೆ ಒಂದಿಷ್ಟು ಮೇಲೆ ಹೋಗಿತ್ತು. ಪೆಡಲ್ ಮುಟ್ಟಿರಲಿಲ್ಲ. ಮಲ್ಟಿಮೀಟರ್ ತಗೊಂಡು ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ ಬ್ಲಾಕ್‌ಗೆ ಹಿಡಿದೆ. ಎರಡೂ ಒಂದೇ ಆಗಿದ್ದರೆ ಹೆಚ್ಚು ಕಡಿಮೆ ಸೊನ್ನೆ ಬರಬೇಕು. ಫ್ಯಾನ್ ಓಡುವಾಗ ಅಂಕಿ ಏರ್ತಿತ್ತು. ಬಾಡಿಗೂ ಇಂಜಿನ್‌ಗೂ ನಡುವಿನ ಅರ್ತ್ ಪಟ್ಟಿಯ ಬೋಲ್ಟ್ ಬಿಚ್ಚಿದರೆ ಕೆಳಗೆಲ್ಲ ಹಸಿರುಗಟ್ಟಿದ ತಾಮ್ರ, ತುಕ್ಕಿನ ಪುಡಿ. ಅದನ್ನು ಲೋಹ ಹೊಳೆಯುವ ತನಕ ಉಜ್ಜಿ, ಹೊಸ ಪಟ್ಟಿ ಹಾಕಿದೆ. ಸೆನ್ಸರ್‌ಗಳ ಅರ್ತ್ ಎಲ್ಲವನ್ನೂ ಬಾಡಿಗೆ ಕೊಡದೆ ನೇರ ಇಸಿಯುವಿನ ಸೆನ್ಸರ್ ಅರ್ತ್ ಪಿನ್ನಿಗೆ ತಂದೆ. ಇಸಿಯುವಿನ ದಪ್ಪ ಅರ್ತ್ ವೈರ್‌ಗಳು ಇಂಜಿನ್ ಮೇಲಿನ ಒಂದೇ ಬೋಲ್ಟಿಗೆ ಹೋದವು. ಮುಂದಿನ ಲಾಗ್‌ನಲ್ಲಿ ಫ್ಯಾನ್ ಆನ್ ಆದಾಗ ಗೆರೆ ಕದಲಲಿಲ್ಲ.

ಇದನ್ನು ಸರಿ ಮಾಡದೆ ಫ್ಯೂಯಲ್ ಮ್ಯಾಪ್ (ಯಾವ ಸ್ಥಿತಿಗೆ ಎಷ್ಟು ಪೆಟ್ರೋಲ್ ಅಂತ ಹೇಳುವ ಕೋಷ್ಟಕ) ತಿದ್ದಲು ಕೂತಿದ್ದರೆ ಏನಾಗ್ತಿತ್ತು ಯೋಚಿಸಿ. ಜ್ವರ ನೋಡುವ ಥರ್ಮಾಮೀಟರೇ ಕೆಟ್ಟಿರುವಾಗ ಔಷಧಿಯ ಪ್ರಮಾಣ ಹೇಗೆ ಗೊತ್ತು ಮಾಡ್ತೀರಿ? ಮ್ಯಾಪ್ ತಿದ್ದೋದು ಈ ಕೆಲಸದಲ್ಲಿ ಸುಲಭದ ಭಾಗ. ಇಸಿಯುಗೆ ಬರುವ ಪ್ರತಿ ಅಂಕಿಯೂ ನಿಜ ಅಂತ ಖಾತ್ರಿ ಮಾಡಿಕೊಳ್ಳೋದೇ ಕಷ್ಟದ ಭಾಗ. ಉಷ್ಣತೆಯ ಸೆನ್ಸರ್‌ಗಳನ್ನು ಐಸ್ ನೀರು, ರೂಮಿನ ಗಾಳಿ, ಕುದಿಯುವ ನೀರು, ಮೂರರಲ್ಲೂ ಇಟ್ಟು ರೆಸಿಸ್ಟೆನ್ಸ್ ಬರೆದುಕೊಳ್ಳಿ. ಒತ್ತಡದ ಸೆನ್ಸರ್ ಇಂಜಿನ್ ನಿಂತಿರುವಾಗ ಆ ಜಾಗದ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಸಮುದ್ರ ಮಟ್ಟದಲ್ಲಾದರೆ ಸುಮಾರು 101 ಕಿಲೋಪ್ಯಾಸ್ಕಲ್.

ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತಿನ ವಿಷಯದಲ್ಲೂ ಅಷ್ಟೆ. ಇಂಜಿನ್ ತನ್ನ ಸುತ್ತಿನಲ್ಲಿ ಎಲ್ಲಿದೆ ಅಂತ ಇಸಿಯುಗೆ ಹೇಳೋದು ಸಿಲಿಂಡರ್ ಹೆಡ್‌ನ ಹಿಂಭಾಗದಲ್ಲಿ ಕ್ಯಾಮ್‌ಶಾಫ್ಟ್ ಜೊತೆಗೇ ತಿರುಗುವ ಒಂದು ಸೆನ್ಸರ್. ಸಾಫ್ಟ್‌ವೇರ್‌ನಲ್ಲಿ ಟೈಮಿಂಗನ್ನು 10 ಡಿಗ್ರಿಗೆ (ಪಿಸ್ಟನ್ ಮೇಲಿನ ತುದಿ ಮುಟ್ಟುವ 10 ಡಿಗ್ರಿ ಮುಂಚೆ) ಕಟ್ಟಿಹಾಕಿ, ಟೈಮಿಂಗ್ ಲೈಟ್ ಹಿಡಿದು ಕ್ರ್ಯಾಂಕ್ ಪುಲ್ಲಿಯ ಗುರುತು ನೋಡಬೇಕು. ಸ್ಕ್ರೀನ್ 10 ಅಂದಾಗ ಪುಲ್ಲಿಯೂ 10 ಅನ್ನಬೇಕು. ಆಮೇಲೆ ಇಂಜಿನ್ ಏರಿಸಿ ನೋಡಿ, ಗುರುತು ಅಲ್ಲೇ ನಿಲ್ಲಬೇಕು. 6000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಸುತ್ತು ಬರೋಕೆ ಬರೀ 10 ಮಿಲಿಸೆಕೆಂಡ್ ಸಾಕು. ಅಂದರೆ ಒಂದು ಮಿಲಿಸೆಕೆಂಡ್ ತಡವಾದರೆ 36 ಡಿಗ್ರಿ ವ್ಯತ್ಯಾಸ. ಕಣ್ಣಿಗೆ ಕಾಣದಷ್ಟು ಸಣ್ಣ ಹೊತ್ತಿನ ತಪ್ಪೂ ಮೇಲಿನ ಆರ್‌ಪಿಎಂನಲ್ಲಿ ಪಿಸ್ಟನ್ ಹಾಳು ಮಾಡಬಹುದು.

ಇಷ್ಟಾದ ಮೇಲೆ ಫ್ಯೂಯಲ್ ಟೇಬಲ್, ಅಂದರೆ ಆಗ ಹೇಳಿದ ಮ್ಯಾಪ್. ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಒತ್ತಡ, 16ಕ್ಕೆ 16, ಒಟ್ಟು 256 ಮನೆಗಳು. ಪ್ರತಿ ಮನೆಯಲ್ಲೂ ಆ ಸ್ಥಿತಿಯಲ್ಲಿ ಸಿಲಿಂಡರ್ ಶೇಕಡಾ ಎಷ್ಟು ತುಂಬುತ್ತೆ ಅನ್ನುವ ಅಂಕಿ. ಸೈಲೆನ್ಸರ್ ಪೈಪಿನಲ್ಲಿ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಇದ್ದರೆ ಲೆಕ್ಕ ಸರಳ. ಒಂದು ಮನೆಯಲ್ಲಿ 58 ಇದೆ, ನನಗೆ ಬೇಕಾದ ಮಿಕ್ಸ್ಚರ್ 14.7 (ಒಂದು ಪಾಲು ಪೆಟ್ರೋಲ್‌ಗೆ ಅಷ್ಟು ಪಾಲು ತೂಕದ ಗಾಳಿ), ಮೀಟರ್ 15.2 ತೋರಿಸ್ತಿದೆ ಅಂತಿಟ್ಟುಕೊಳ್ಳಿ. 58ನ್ನು 15.2ರಿಂದ ಗುಣಿಸಿ 14.7ರಿಂದ ಭಾಗಿಸಿದರೆ 60. ಆ ಮನೆಗೆ 60 ಬರೆದರೆ ಆಯ್ತು. ಸಾಫ್ಟ್‌ವೇರ್ ಇದನ್ನು ತಾನೇ ಮಾಡುತ್ತೆ. ಆದರೆ ಇಲ್ಲೂ ಸೆನ್ಸರ್ ಏನು ನೋಡುತ್ತಿದೆ ಅಂತ ಗೊತ್ತಿರಬೇಕು. ಅದು ನೋಡೋದು ಹೊಗೆಯಲ್ಲಿ ಉಳಿದ ಆಕ್ಸಿಜನ್. ಸೆನ್ಸರ್‌ಗೆ ಮುಂಚೆ ಎಕ್ಸಾಸ್ಟ್ ಜಾಯಿಂಟ್ ಲೀಕ್ ಇದ್ದರೆ ಹೊರಗಿನ ಗಾಳಿ ಸೇರಿ ಲೀನ್ (ಪೆಟ್ರೋಲ್ ಕಡಿಮೆ) ಅಂತ ತೋರಿಸುತ್ತೆ. ಇಂಜಿನ್ ಮಿಸ್ಸಿಂಗ್ ಹೊಡೆದರೂ ಲೀನ್ ಅಂತಲೇ ತೋರಿಸುತ್ತೆ, ಉರಿಯದ ಆಕ್ಸಿಜನ್ ಹಾಗೇ ಹೊರಗೆ ಬಂದಿರುತ್ತಲ್ಲ. ಇದನ್ನು ನಂಬಿ ಆಟೋಟ್ಯೂನ್ (ಸಾಫ್ಟ್‌ವೇರ್ ತಾನೇ ಟೇಬಲ್ ತಿದ್ದುವ ಸೌಲಭ್ಯ) ಬಿಟ್ಟರೆ ಅದು ಪೆಟ್ರೋಲ್ ಸುರೀತಾ ಹೋಗುತ್ತೆ. ಮಿಸ್ಸಿಂಗ್ ಇನ್ನೂ ಜಾಸ್ತಿಯಾಗುತ್ತೆ.

ನನಗೆ ತುಂಬಾ ಖುಷಿ ಕೊಟ್ಟ ಕೆಲಸ ಹೆಡ್‌ಲೈಟ್‌ಗೆ ಸಂಬಂಧಪಟ್ಟಿದ್ದು. ಐಡ್ಲಿಂಗ್ ಚೆನ್ನಾಗಿ ಕೂತಿತ್ತು, 850ರ ಹತ್ತಿರ. ಹೆಡ್‌ಲೈಟ್ ಸ್ವಿಚ್ ಒತ್ತಿದೆ. ಎರಡು ಮೋಟರ್ ದೀಪಗಳನ್ನು ಮೇಲೆತ್ತುವ ಆ ಒಂದು ಸೆಕೆಂಡಿನಲ್ಲಿ ಇಂಜಿನ್ ಕುಸಿದು, ಇನ್ನೇನು ನಿಂತೇ ಹೋಗುತ್ತೆ ಅನ್ನುವ ಹಾಗಾಗಿ ಮತ್ತೆ ಚೇತರಿಸಿಕೊಂಡಿತು. ಲಾಗ್ ತೆಗೆದು ನೋಡಿದರೆ ಸಾಲಾಗಿ ಎಲ್ಲವೂ ಇತ್ತು: ಮೊದಲು ವೋಲ್ಟೇಜ್ 14ರಿಂದ 12ರ ಕಡೆಗೆ ಇಳಿದಿದೆ, ಆಮೇಲೆ ಮಿಕ್ಸ್ಚರ್ ಲೀನ್ ಆಗಿದೆ, ಕೊನೆಗೆ ಆರ್‌ಪಿಎಂ ಬಿದ್ದಿದೆ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕರೆಂಟ್ ಕೊಟ್ಟ ತಕ್ಷಣ ತೆರೆಯಲ್ಲ, ಅದಕ್ಕೆ ಸುಮಾರು ಒಂದು ಮಿಲಿಸೆಕೆಂಡ್ ಬೇಕು. ಇದಕ್ಕೆ ಡೆಡ್ ಟೈಮ್ ಅಂತಾರೆ. ವೋಲ್ಟೇಜ್ ಕಡಿಮೆಯಾದಷ್ಟೂ ತೆರೆಯೋದು ಇನ್ನೂ ನಿಧಾನ. ಐಡ್ಲಿಂಗ್‌ನಲ್ಲಿ ಇಡೀ ಪಲ್ಸ್ ಇರೋದೇ ಎರಡು ಮೂರು ಮಿಲಿಸೆಕೆಂಡ್, ಹಾಗಾಗಿ ಅದರಲ್ಲಿ ಸ್ವಲ್ಪ ಕಳೆದುಹೋದರೂ ಇಂಜಿನ್‌ಗೆ ಗೊತ್ತಾಗುತ್ತೆ. ವೋಲ್ಟೇಜಿಗೆ ತಕ್ಕ ಡೆಡ್ ಟೈಮ್ ಟೇಬಲನ್ನು ಸ್ವಲ್ಪ ಸ್ವಲ್ಪವೇ ತಿದ್ದುತ್ತಾ, ದೀಪ ಎತ್ತುತ್ತಾ ಇಳಿಸುತ್ತಾ, ಮಿಕ್ಸ್ಚರ್ ಗೆರೆ ನೇರವಾಗುವವರೆಗೂ ಕೂತೆ. ಐಡ್ಲಿಂಗ್‌ನ ಟೈಮಿಂಗ್ ಟೇಬಲ್ಲಿಗೂ ಒಂದು ಇಳಿಜಾರು ಕೊಟ್ಟೆ. ಆರ್‌ಪಿಎಂ 850ಕ್ಕಿಂತ ಕೆಳಗೆ ಬಿದ್ದರೆ ಅಡ್ವಾನ್ಸ್ (ಕಿಡಿ ಎಷ್ಟು ಮುಂಚೆ ಹಾರುತ್ತೆ ಅನ್ನೋದು) ತಾನಾಗಿ ಜಾಸ್ತಿಯಾಗುತ್ತೆ, ಇಂಜಿನ್ ತನ್ನನ್ನು ತಾನೇ ಎತ್ತಿಕೊಳ್ಳುತ್ತೆ. ಈಗ ದೀಪ, ಬ್ಲೋವರ್, ಫ್ಯಾನ್ ಮೂರೂ ಒಟ್ಟಿಗೆ ಹಾಕಿದರೂ ಸೂಜಿ ಅಲ್ಲಾಡಿದ್ದು ಹುಡುಕಿದರೆ ಮಾತ್ರ ಕಾಣುತ್ತೆ.

ತಣ್ಣಗಿನ ಸ್ಟಾರ್ಟಿಂಗ್‌ಗೆ ತಾಳ್ಮೆ ಬೇಕು. ರಾತ್ರಿಯಿಡೀ ತಣ್ಣಗಾದ ಇಂಜಿನ್ ಬೆಳಿಗ್ಗೆ ಒಮ್ಮೆ ಮಾತ್ರ ಸಿಗುತ್ತೆ. ಸ್ಟಾರ್ಟ್ ಮಾಡಿ, ಲಾಗ್ ಉಳಿಸಿ, ಒಂದೇ ಒಂದು ಅಂಕಿ ಬದಲಾಯಿಸಿ, ಮಾರನೆಯ ದಿನ ನೋಡಬೇಕು. ಎರಡು ಅಂಕಿ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯ್ತು ಅಂತ ತಿಳಿಯಲ್ಲ. ಟ್ಯೂನ್ ಮಾಡಿದವರ ಕೆಲಸ ಎಂಥದ್ದು ಅಂತ ನನಗೆ ಗೊತ್ತಾಗೋದು ಇಲ್ಲೇ. ಪೂರ್ತಿ ಥ್ರಾಟಲ್‌ನಲ್ಲಿ ಎಲ್ಲ ಕಾರೂ ಓಡುತ್ತೆ. ಚಳಿಯ ಬೆಳಿಗ್ಗೆ ಪೆಡಲ್ ಮುಟ್ಟದೆ ಹೊತ್ತಿಕೊಂಡು, ಹಾಗೇ ನಿಂತು, ಮೊದಲ ಗೇರ್‌ನಲ್ಲಿ ಜರ್ಕ್ ಇಲ್ಲದೆ ಹೊರಟರೆ ಅದು ಒಳ್ಳೆಯ ಟ್ಯೂನ್.

ಹಳೆಯ ವೈರಿಂಗ್ ಒಂದನ್ನೂ ಕತ್ತರಿಸಿಲ್ಲ. ಇಸಿಯು ಪ್ಲಗ್‌ಗೂ ಹೊಸದಕ್ಕೂ ನಡುವೆ ಒಂದು ಅಡಾಪ್ಟರ್ ಮಾಡಿಕೊಂಡೆ. ಹಳೆಯ ಇಸಿಯು, ಏರ್ ಫ್ಲೋ ಮೀಟರ್, ಥ್ರಾಟಲ್ ಸ್ವಿಚ್ ಎಲ್ಲವೂ ಹೆಸರು ಬರೆದು ಡಬ್ಬದಲ್ಲಿವೆ. ಮುಂದೆ ಈ ಕಾರು ಯಾರ ಕೈಗೆ ಹೋದರೂ ಅವರು ಅದನ್ನು ಮೊದಲಿನ ಹಾಗೆ ಮಾಡಿಕೊಳ್ಳಬಹುದು. ಹೊಗೆಯಲ್ಲಿನ ವಿಷಾನಿಲ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಇದ್ದ ಜಾಗದಲ್ಲೇ ಇದೆ. ಮಿಕ್ಸ್ಚರ್ ಸರಿಯಾಗಿ 14.7ರ ಸುತ್ತ ಓಡಿದರೆ ಮಾತ್ರ ಅದು ಚೆನ್ನಾಗಿ ಕೆಲಸ ಮಾಡುತ್ತೆ. ಆ ಕೆಲಸ ಈಗ ಮೊದಲಿಗಿಂತ ನೆಟ್ಟಗೆ ನಡೀತಿದೆ.

ಬಾಕಿ ಇರೋದು ಪೂರ್ತಿ ಲೋಡ್‌ನ ಇಗ್ನಿಷನ್ ಟೈಮಿಂಗ್. ಪೆಟ್ರೋಲ್ ಜಾಸ್ತಿಯೋ ಕಡಿಮೆಯೋ ಹೇಳೋಕೆ ಮೀಟರ್ ಇದೆ. ಕಿಡಿ ಸರಿಯಾದ ಹೊತ್ತಿಗೆ ಹಾರುತ್ತಿದೆಯಾ ಅಂತ ಹೇಳೋಕೆ ಡ್ಯಾಶ್‌ಬೋರ್ಡ್‌ನಲ್ಲಿ ಏನೂ ಇಲ್ಲ. ಅದಕ್ಕೆ ಡೈನೋ, ಅಂದರೆ ಕಾರನ್ನು ರೋಲರ್ ಮೇಲೆ ಓಡಿಸಿ ಟಾರ್ಕ್ (ತಿರುಗಿಸುವ ಬಲ) ಅಳೆಯುವ ಯಂತ್ರ ಬೇಕು. ಅಡ್ವಾನ್ಸ್ ಒಂದೊಂದೇ ಡಿಗ್ರಿ ಏರಿಸುತ್ತಾ ಟಾರ್ಕ್ ನೋಡಬೇಕು, ಟಾರ್ಕ್ ಏರೋದು ನಿಂತ ಕಡೆ ನಾವೂ ನಿಲ್ಲಬೇಕು, ನಾಕಿಂಗ್ (ಪೆಟ್ರೋಲ್ ಹತೋಟಿ ಮೀರಿ ಸಿಡಿಯೋದು) ಅದಕ್ಕೂ ಮುಂಚೆ ಬಂದರೆ ಹಿಂದೆ ಸರಿಯಬೇಕು. ರಸ್ತೆಯ ಮೇಲೆ ಕಿವಿಗೊಟ್ಟು ಮಾಡುವ ಕೆಲಸ ಅಲ್ಲ ಇದು. ಡೈನೋ ಮೇಲೆ ಹತ್ತಿಸುವ ತನಕ ಟೈಮಿಂಗ್ ಟೇಬಲ್ಲಿನ ಮೇಲಿನ ಸಾಲುಗಳಲ್ಲಿ ಅಡ್ವಾನ್ಸ್ ಕಡಿಮೆಯೇ ಇಟ್ಟಿದ್ದೇನೆ. ರೆವ್ ಲಿಮಿಟ್ (ಆರ್‌ಪಿಎಂನ ಗರಿಷ್ಠ ಮಿತಿ) ಕೂಡ ಕೆಳಗೇ ಇದೆ.