ಐಫೋನ್ 4ಎಸ್: ಸಿಸ್ಟಮ್ ಕಡೆ ಜಾಗ ಮಾಡುವ ಕೆಲಸ

ಶನಿವಾರ ಸಂಜೆ

16 ಜಿಬಿ ಫೋನ್. ಐಓಎಸ್ 9.3.5, ಫೀನಿಕ್ಸ್ ಅನ್ನುವ ಆ್ಯಪ್ ಹಾಕಿ ಜೈಲ್‌ಬ್ರೇಕ್ ಮಾಡಿದ್ದು, ಅಂದರೆ ಆಪಲ್ ಹಾಕಿದ ಬೀಗ ತೆಗೆದದ್ದು. ಸರಸ್ವತಿಪುರಂನ ನಮ್ಮ ಮನೆಯಲ್ಲಿ ಇದಕ್ಕಿರುವುದು ಒಂದೇ ಕೆಲಸ, ಅಡುಗೆಮನೆಯ ಡಾಕ್ ಸ್ಪೀಕರ್ ಮೇಲೆ ಕೂತು ಹಾಡು ಹಾಕುವುದು. ಆ ಸ್ಪೀಕರ್‌ಗೆ ಹಳೇ 30 ಪಿನ್ ಕನೆಕ್ಟರೇ ಬೇಕು. ಐಫೋನ್ 5ರಿಂದ ಅದು ಬರಲೇ ಇಲ್ಲ. ಹಾಗಾಗಿ 2011ರ ಮಾಡೆಲ್‌ಗೆ ನಮ್ಮಲ್ಲಿ ಇನ್ನೂ ರಿಟೈರ್‌ಮೆಂಟ್ ಇಲ್ಲ.

ಈಗ ಸಿಡಿಯಾದಲ್ಲಿ (ಜೈಲ್‌ಬ್ರೇಕ್ ಆದ ಫೋನಿನ ಆ್ಯಪ್ ಅಂಗಡಿ) ಒಂದು ಪುಟ್ಟ ಟ್ವೀಕ್, ಅಂದರೆ ಫೋನಿನ ನಡವಳಿಕೆ ಬದಲಿಸುವ ಸಣ್ಣ ಪ್ರೋಗ್ರಾಂ, ಹಾಕಲು ಹೋದರೂ ಜಾಗ ಇಲ್ಲ ಅನ್ನುತ್ತದೆ. ಸೆಟ್ಟಿಂಗ್ಸ್ ತೆರೆದರೆ 5 ಜಿಬಿ ಖಾಲಿ! "ಫೋಟೋ ಡಿಲೀಟ್ ಮಾಡಣ್ಣ, ಇಲ್ಲಾಂದ್ರೆ ಮೆಮೊರಿ ಕಾರ್ಡ್ ಹಾಕು" ಅಂದ ತಮ್ಮ. ಐಫೋನಿಗೆ ಎಲ್ಲಿಂದ ಬರಬೇಕು ಮೆಮೊರಿ ಕಾರ್ಡು?

ಫೋಟೋ ಅಳಿಸಿದರೂ ಪ್ರಯೋಜನವಿಲ್ಲ. ಈ ಫೋನಿನ ಸ್ಟೋರೇಜ್‌ನಲ್ಲಿ ಎರಡು ಪಾರ್ಟಿಷನ್, ಅಂದರೆ ಎರಡು ಭಾಗ. ಒಂದು ಸಿಸ್ಟಮ್‌ದು, ಇನ್ನೊಂದು ನಮ್ಮ ಡೇಟಾದ್ದು, ಅಂದರೆ ವಾರ್ (var) ಫೋಲ್ಡರ್. ನಮ್ಮೂರಲ್ಲಿ ಒಂದೇ ಮನೆಗೆ ಗೋಡೆ ಎಬ್ಬಿಸಿ ಎರಡು ಪೋರ್ಷನ್ ಮಾಡಿ ಬಾಡಿಗೆಗೆ ಕೊಡ್ತಾರಲ್ಲ, ಹಾಗೆ. ಹಿಂದಿನ ಪೋರ್ಷನ್ ಖಾಲಿ ಹೊಡೆಯುತ್ತಿದ್ದರೂ ಮುಂದಿನವರು ಮಂಚ ಹಾಕುವ ಹಾಗಿಲ್ಲ. ಆಪಲ್ ಸಿಸ್ಟಮ್ ಕಡೆ ತನಗೆ ಬೇಕಾದಷ್ಟೇ ಜಾಗ ಬಿಟ್ಟಿರುತ್ತದೆ, ಅಲ್ಲೇ ಬಂದು ಕೂರುವ ಟ್ವೀಕು ಥೀಮುಗಳ ಲೆಕ್ಕ ಅದಕ್ಕಿಲ್ಲ. ಐಓಎಸ್ 10.3ರಲ್ಲಿ ಎಪಿಎಫ್‌ಎಸ್ ಅನ್ನುವ ಹೊಸ ಫೈಲ್ ಸಿಸ್ಟಮ್ ಬಂದ ಮೇಲೆ ಎರಡೂ ಕಡೆಯವರು ಖಾಲಿ ಜಾಗ ಹಂಚಿಕೊಳ್ಳುತ್ತಾರೆ. 4ಎಸ್ ಮಾತ್ರ 9ರಲ್ಲೇ ನಿಂತಿತು.

ಭಾನುವಾರ

ಫೋನಿನಲ್ಲಿ ಓಪನ್‌ಎಸ್‌ಎಸ್‌ಎಚ್ ಇದೆ (ಬೇರೆ ಕಂಪ್ಯೂಟರಿನಿಂದ ಫೋನಿನೊಳಗೆ ಕಮಾಂಡ್ ಕೊಡಲು ಬಿಡುವ ಪ್ರೋಗ್ರಾಂ), ಲ್ಯಾಪ್‌ಟಾಪಿನಿಂದ ಒಳಗೆ ಹೋದೆ. (ಇದನ್ನು ಹಾಕಿಕೊಂಡವರು ರೂಟ್ (ಎಲ್ಲ ಅಧಿಕಾರ ಇರುವ ಖಾತೆ) ಪಾಸ್‌ವರ್ಡ್ 'ಆಲ್ಪೈನ್' ಅಂತಲೇ ಬಿಟ್ಟಿದ್ದರೆ ಮೊದಲು ಅದನ್ನು ಬದಲಿಸಿ. ಊರಿಗೆಲ್ಲ ಗೊತ್ತಿರುವ ಪಾಸ್‌ವರ್ಡ್ ಅದು.) ಖಾಲಿ ಜಾಗ ತೋರಿಸುವ ಡಿಎಫ್ ಕಮಾಂಡ್ ಕೊಟ್ಟಾಗ ಸಿಸ್ಟಮ್ ಕಡೆ ಉಳಿದಿದ್ದು ಕೆಲವೇ ಎಂಬಿ.

ಏಪಿಟಿ-ಗೆಟ್ ಕ್ಲೀನ್ ಅನ್ನುವ ಕಮಾಂಡ್ ಕೊಟ್ಟೆ, ಡೌನ್‌ಲೋಡ್ ಆಗಿದ್ದ ಹಳೇ ಡೆಬ್ ಫೈಲ್‌ಗಳು (ಟ್ವೀಕ್‌ಗಳ ಇನ್‌ಸ್ಟಾಲ್ ಪ್ಯಾಕೆಟ್) ಹೋದವು. ಅವು ಇದ್ದದ್ದು ವಾರ್ ಒಳಗೆ, ಸಿಸ್ಟಮ್ ಕಡೆ ಒಂದು ಎಂಬಿಯೂ ಏರಲಿಲ್ಲ. ಕ್ಲೀನರ್ ಆ್ಯಪ್‌ಗಳು ತೋರಿಸುವ ದೊಡ್ಡ ದೊಡ್ಡ ಅಂಕಿಗಳೂ ಬಹುಪಾಲು ವಾರ್ ಕಡೆಯವೇ. ಈ ತಾಪತ್ರಯಕ್ಕೆ ಅವು ದಂಡ.

ಡಿಯು ಕಮಾಂಡ್ ಹಾಕಿ ಸಿಸ್ಟಮ್ ಕಡೆಯ ಫೋಲ್ಡರ್ ಒಂದೊಂದನ್ನೇ ಅಳೆದೆ. ಲೈಬ್ರರಿ ಒಳಗೆ ಥೀಮ್ಸ್, ವಾಲ್‌ಪೇಪರ್, ರಿಂಗ್‌ಟೋನ್ಸ್ ಸಿಕ್ಕವು. ಇವನ್ನು ಅಳಿಸುವ ಬದಲು ವಾರ್‌ಗೆ ಸಾಗಿಸಿ, ಹಳೇ ಜಾಗದಲ್ಲಿ ಸಿಮ್‌ಲಿಂಕ್ (ಹೊಸ ಜಾಗದ ಕಡೆ ಕೈ ತೋರಿಸುವ ಕೊಂಡಿ) ಇಟ್ಟರೆ ಸಾಕು. ಫೋನಿಗೆ ಅವು ಅಲ್ಲೇ ಇದ್ದ ಹಾಗೆ ಕಾಣುತ್ತವೆ. ಹಿಂದೆಲ್ಲ ಸಿಡಿಯಾ ತಾನೇ ಈ ಕೆಲಸ ಮಾಡುತ್ತಿತ್ತು, ಸ್ಟ್ಯಾಶಿಂಗ್ ಅಂತಾರೆ. ಐಓಎಸ್ 9.2ರಿಂದ ಈಚೆಗೆ ಅಪ್ಲಿಕೇಷನ್ಸ್ ಫೋಲ್ಡರನ್ನು ಹಾಗೆ ಎತ್ತಿಟ್ಟರೆ ಆ್ಯಪ್‌ಗಳು ಎಡವಟ್ಟು ಮಾಡುತ್ತವೆ. ಅದನ್ನು ಮುಟ್ಟಲಿಲ್ಲ.

ನೇರವಾಗಿ ಮೂವ್ ಮಾಡಲಿಲ್ಲ. ಮೊದಲು ಪರ್ಮಿಷನ್ ಸಮೇತ ಕಾಪಿ. ಎರಡೂ ಕಡೆ ಅಳತೆ ತಾಳೆ ನೋಡಿ, ಮೂಲ ಫೋಲ್ಡರಿಗೆ ಬೇರೆ ಹೆಸರಿಟ್ಟು, ಆಮೇಲೆ ಸಿಮ್‌ಲಿಂಕ್. ಹೆಸರು ಬದಲಿಸಲು ಜಾಗ ಬೇಕಿಲ್ಲವಲ್ಲ. ರೆಸ್ಪ್ರಿಂಗ್ ಮಾಡಿ (ಫೋನ್ ಆಫ್ ಮಾಡದೆ ಹೋಮ್ ಸ್ಕ್ರೀನ್ ಮಾತ್ರ ಮತ್ತೆ ಶುರು ಮಾಡಿ), ರಿಂಗ್‌ಟೋನ್ ಬಾರಿಸಿ, ವಾಲ್‌ಪೇಪರ್ ಬದಲಿಸಿ ನೋಡಿದೆ. ಎಲ್ಲ ಸರಿ ಅನಿಸಿದ ಮೇಲೆ ಮೂಲವನ್ನು ಅಳಿಸಿದೆ. ಅಷ್ಟೂ ಹೊತ್ತು ಚಾರ್ಜರ್‌ನಲ್ಲೇ ಇತ್ತು. ಫೋನ್ ಆಫ್ ಆದರೆ ಫೀನಿಕ್ಸ್ ಮತ್ತೆ ಓಡಿಸಬೇಕು, ಉಚಿತ ಆಪಲ್ ಐಡಿಯಲ್ಲಿ ಸೈನ್ ಮಾಡಿ ಹಾಕಿದ ಆ ಆ್ಯಪ್ ಬಾಳುವುದು 7 ದಿನ ಮಾತ್ರ, ಅವಧಿ ಮುಗಿದಿದ್ದರೆ ಮೊದಲು ಅದನ್ನೇ ಮತ್ತೆ ಹಾಕಿಕೊಳ್ಳಬೇಕು.

ರಾತ್ರಿ

ಟ್ವೀಕ್ ಕೂತಿತು. ಥೀಮ್ಸ್ ಫೋಲ್ಡರೇ ಜಾಸ್ತಿ ಜಾಗ ಬಿಟ್ಟುಕೊಟ್ಟಿತು, ರಿಂಗ್‌ಟೋನ್‌ದು ಚಿಲ್ಲರೆ.

ಫಾಂಟ್‌ಗಳನ್ನೂ ಕಿತ್ತುಹಾಕಿ ಅಂತ ಕೆಲವರು ಹೇಳುತ್ತಾರೆ. ಚೀನೀ ಅಕ್ಷರದ ಪಿಂಗ್‌ಫಾಂಗ್ ದೊಡ್ಡದೇ, ಆಸೆ ಆಗುವುದು ನಿಜ. ಆದರೆ ಭಾಷೆಗಳನ್ನು ಸಾರಾಸಗಟಾಗಿ ಗುಡಿಸುವ ಸ್ಕ್ರಿಪ್ಟ್ ಓಡಿಸಿದರೆ ಕನ್ನಡದ ಫಾಂಟ್ ಕನ್ನಡ ಸಂಗಮ್ ಎಂಎನ್ ಕೂಡ ಅದರ ಜೊತೆ ಹೋಗಬಹುದು. ಅಮ್ಮನ ಹಾಡುಗಳ ಹೆಸರೆಲ್ಲ ಕನ್ನಡದಲ್ಲಿವೆ, ಎಲ್ಲ ಚೌಕ ಚೌಕ ಆಗುತ್ತವೆ. ಸಿಸ್ಟಮ್ ಫೈಲ್ ಕಳೆದುಕೊಂಡು ಫೋನ್ ಏಳದೇ ಹೋದರೆ ರಿಸ್ಟೋರ್ ಮಾಡಬೇಕು, ಜೈಲ್‌ಬ್ರೇಕ್ ಕೆಲಸ ಮೊದಲಿನಿಂದ. ಕೆಲವು ಎಂಬಿಗೋಸ್ಕರ ಯಾರಿಗೆ ಬೇಕು? ಡಿವೈಎಲ್‌ಡಿ (dyld) ಕ್ಯಾಶ್ ಅನ್ನುವ ಫೈಲ್ ಅಂತೂ ಎಷ್ಟು ದಪ್ಪ ಕಂಡರೂ ಮುಟ್ಟಬಾರದು, ಇಡೀ ಸಿಸ್ಟಮ್‌ನ ಲೈಬ್ರರಿಗಳು (ಎಲ್ಲ ಆ್ಯಪ್‌ಗಳೂ ಬಳಸುವ ಕೋಡ್) ಅದರಲ್ಲೇ ಇವೆ.

ಮುಂದಿನ ಕೆಲಸ ಬ್ಯಾಟರಿ. ದೇವರಾಜ ಅರಸು ರಸ್ತೆ ಕಡೆ ಹೋದಾಗ 4ಎಸ್‌ಗೆ ಸಿಗುತ್ತದಾ ವಿಚಾರಿಸಬೇಕು.