ರಿಟರ್ನ್ ಪಂಪ್ ಕೊನೆಗೆ ಕೊಳ್ಳಿ, ಮೊದಲು ಟೇಪು ಹಿಡಿಯಿರಿ

ಚಿಕ್ಕ ಅಕ್ವೇರಿಯಂಗೆ ಸಂಪ್ (ಸ್ಟ್ಯಾಂಡಿನ ಕೆಳಗಿಡುವ ಫಿಲ್ಟರ್ ತೊಟ್ಟಿ) ಕೂರಿಸಿಕೊಡುವ ಕೆಲಸದಲ್ಲಿ, ಅಲ್ಲಿಂದ ನೀರನ್ನು ಮೇಲಿನ ಟ್ಯಾಂಕಿಗೆ ಮರಳಿಸುವ ರಿಟರ್ನ್ ಪಂಪ್ ಬಗ್ಗೆ ಎಲ್ಲರೂ ಮೊದಲು ಕೇಳುವುದು ‘ಎಷ್ಟು ಲೀಟರಿನ ಪಂಪ್ ಹಾಕೋಣ?’ ಎಂದು. ಡಬ್ಬದ ಮೇಲೆ ‘ಗಂಟೆಗೆ 1200 ಲೀಟರ್’ ಎಂದು ದೊಡ್ಡದಾಗಿ ಅಚ್ಚಾಗಿರುತ್ತದೆ. ಅದು ಪೈಪೇ ಇಲ್ಲದೆ, ನೀರನ್ನು ಒಂದಿಂಚೂ ಮೇಲೆತ್ತದೆ ಪಂಪ್ ಓಡಿದಾಗಿನ ಲೆಕ್ಕ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಗರಿಷ್ಠ ಹೆಡ್ 2 ಮೀ.’ ಎಂದಿರುತ್ತದೆ. ಹೆಡ್ ಎಂದರೆ ಪಂಪ್ ನೀರೆತ್ತುವ ಎತ್ತರ. ಆ ಎತ್ತರಕ್ಕೆ ನೀರು ಏರುತ್ತದೆ ನಿಜ, ಆದರೆ ತುದಿಯಿಂದ ಒಂದು ತೊಟ್ಟೂ ಹೊರಬೀಳುವುದಿಲ್ಲ. ನಿಮ್ಮ ಟ್ಯಾಂಕಿಗೆ ಸಿಗುವ ಹರಿವು ಈ ಎರಡರ ನಡುವೆ ಎಲ್ಲೋ ಇದೆ. ಎಲ್ಲಿದೆ ಎಂಬುದನ್ನು ತೀರ್ಮಾನಿಸುವುದು ನಿಮ್ಮ ಸ್ಟ್ಯಾಂಡಿನ ಎತ್ತರ ಮತ್ತು ಪೈಪು.

ಉದಾಹರಣೆಗೆ 60 ಸೆಂ.ಮೀ. ಉದ್ದ, 45 ಅಗಲ, 45 ಎತ್ತರದ ಟ್ಯಾಂಕ್ ಇಟ್ಟುಕೊಳ್ಳೋಣ. ಲೆಕ್ಕಕ್ಕೆ 121 ಲೀಟರ್. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 100. ಸಂಪ್ ಮೂಲಕ ಗಂಟೆಗೆ ಟ್ಯಾಂಕಿನ ಮೂರರಿಂದ ಐದು ಪಟ್ಟು ನೀರು ತಿರುಗಿದರೆ ಸಾಕು, ಅಂದರೆ 300ರಿಂದ 500 ಲೀಟರ್. ಹತ್ತು ಪಟ್ಟು ಬೇಕೆಂದು ಹಠ ಹಿಡಿಯುವವರಿದ್ದಾರೆ. ಹವಳಕ್ಕೆ ಬೇಕಾದ ಬಿರುಸಿನ ಓಟವನ್ನು ಟ್ಯಾಂಕಿನೊಳಗಿನ ವೇವ್‌ಮೇಕರ್ ಇದಕ್ಕಿಂತ ಕಡಿಮೆ ಕರೆಂಟಿನಲ್ಲಿ ಕೊಡುತ್ತದೆ. ರಿಟರ್ನ್ ಪಂಪಿನಿಂದಲೇ ಆ ಕೆಲಸ ಮಾಡಿಸಹೊರಟರೆ ಟ್ಯಾಂಕಿನ ನೀರನ್ನು ಸಂಪಿಗೆ ಇಳಿಸುವ ಡ್ರೈನ್ ಪೈಪು ಗೊಳಗೊಳ ಎನ್ನುತ್ತದೆ, ಸಂಪಿನಲ್ಲಿ ಎದ್ದ ಗುಳ್ಳೆ ಒಡೆಯುವಷ್ಟು ಹೊತ್ತು ನೀರು ಅಲ್ಲಿ ನಿಲ್ಲುವುದಿಲ್ಲ, ಎಲ್ಲ ಟ್ಯಾಂಕಿಗೇ ವಾಪಸ್ ಹೋಗುತ್ತವೆ.

ಈಗ ಎತ್ತರ. ಅಳೆಯಬೇಕಾದ್ದು ಪಂಪಿನ ಮೈಯಿಂದಲ್ಲ, ಸಂಪಿನ ನೀರಿನ ಮಟ್ಟದಿಂದ ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ. ಸ್ಟ್ಯಾಂಡ್ 75 ಸೆಂ.ಮೀ., ಟ್ಯಾಂಕಿನಲ್ಲಿ ನೀರು 41, ಸಂಪಿನ ನೀರು ನೆಲದಿಂದ 20 ಎಂದಾದರೆ 75 + 41 − 20 = 96 ಸೆಂ.ಮೀ. ಪೈಪು ಅಂಚಿನ ಮೇಲೆ ಹತ್ತಿ ಇಳಿಯುವುದಾದರೆ ಶುರುವಿನಲ್ಲಿ ಪಂಪ್ ಅಂಚಿನ ಎತ್ತರವನ್ನೂ ದಾಟಬೇಕು. ಹಾಗಾಗಿ 102 ಎಂದೇ ಹಿಡಿಯಿರಿ.

ಇದರ ಮೇಲೆ ಪೈಪಿನ ಘರ್ಷಣೆ. ಹೆಚ್ಚಿನವರು ಎಡವುವುದು ಇಲ್ಲಿ. ಗಂಟೆಗೆ 500 ಲೀಟರ್ ನೀರು ಒಳವ್ಯಾಸ 20 ಮಿ.ಮೀ. ಇರುವ ಪೈಪಿನಲ್ಲಿ ಹರಿದರೆ ಪ್ರತಿ ಮೀಟರಿಗೆ ನಷ್ಟವಾಗುವ ಹೆಡ್ ಒಂದೂವರೆ ಸೆಂ.ಮೀ. ಆಸುಪಾಸು. ಅದೇ ನೀರು 12 ಮಿ.ಮೀ. ಟ್ಯೂಬಿನಲ್ಲಿ ಹೋದರೆ ಮೀಟರಿಗೆ ಸುಮಾರು 18 ಸೆಂ.ಮೀ. ವ್ಯಾಸ ಅರ್ಧದಷ್ಟೂ ಇಳಿದಿಲ್ಲ, ನಷ್ಟ ಮಾತ್ರ ಹತ್ತು ಪಟ್ಟು ದಾಟಿತು. ಪೈಪನ್ನು ತಿರುಗಿಸುವ ಮೂಲೆ ಜೋಡಣೆ, ಅಂದರೆ ಎಲ್ಬೋ ಕಥೆಯೂ ಇದೇ: 20 ಮಿ.ಮೀ.ನಲ್ಲಿ ಒಂದು ಎಲ್ಬೋಗೆ ಸುಮಾರು 1 ಸೆಂ.ಮೀ., 12ರಲ್ಲಿ 7. ಒಂದೂವರೆ ಮೀಟರ್ ಪೈಪು, ನಾಲ್ಕು ಎಲ್ಬೋ ಎಂದರೆ ಮೊದಲನೆಯದರಲ್ಲಿ ಒಟ್ಟು ಹೆಡ್ ಸುಮಾರು 1.1 ಮೀಟರ್, ಎರಡನೆಯದರಲ್ಲಿ 1.5 ಮೀಟರ್ ದಾಟುತ್ತದೆ. ಪಂಪಿನ ಬಾಯಿ 13 ಮಿ.ಮೀ. ಇದೆ ಎಂದು ಪೈಪನ್ನೂ 13ಕ್ಕೇ ಹಾಕಬೇಡಿ. ಬಾಯಿ ದಾಟಿದ ಕೂಡಲೇ ದೊಡ್ಡದು ಮಾಡಿ, ಮೇಲೆ ಟ್ಯಾಂಕಿಗೆ ನೀರು ಬೀಳುವ ಬಾಯಿಯಾದ ನಾಜಲ್ ಹತ್ತಿರ ಮಾತ್ರ ಚಿಕ್ಕದು ಮಾಡಿ. ಜಾಗವಿದ್ದರೆ ಒಂದು 90 ಡಿಗ್ರಿ ಎಲ್ಬೋ ಬದಲು ಎರಡು 45 ಹಾಕಿ.

ಈಗ ಪಂಪಿನ ಕರ್ವ್, ಅಂದರೆ ಯಾವ ಎತ್ತರಕ್ಕೆ ಎಷ್ಟು ನೀರು ಎಂದು ತೋರಿಸುವ ಗ್ರಾಫ್, ನೋಡಬಹುದು. ನಮ್ಮ ಉದಾಹರಣೆಗೆ 1.1 ಮೀಟರಿನಲ್ಲಿ 500–600 ಲೀಟರ್ ಕೊಡುವ ಪಂಪ್ ಸರಿ. ಡಬ್ಬದ ಅಂಕಿಯಲ್ಲಿ ಅದು ಸಾಮಾನ್ಯವಾಗಿ 1200 ಲೀಟರ್, 2 ಮೀಟರ್ ಹೆಡ್ಡಿನ ಆಸುಪಾಸು ಬರುತ್ತದೆ. ಕೊಳೆ ಕಟ್ಟಿದಾಗ ಹರಿವು ಇಳಿಯುವುದರಿಂದ ಐದನೇ ಒಂದು ಭಾಗ ಹೆಚ್ಚಿಗೆ ಇರಲಿ, ಅದಕ್ಕಿಂತ ಬೇಡ. ಹೆಚ್ಚಾದದ್ದನ್ನು ಪಂಪಿನ ಹೊರಬಾಯಿಯ ಕಡೆ ವಾಲ್ವ್ ಹಾಕಿ ತಗ್ಗಿಸಬಹುದು. ನೀರು ಎಳೆದುಕೊಳ್ಳುವ ಬಾಯಿಯನ್ನು ಮಾತ್ರ ಯಾವತ್ತೂ ಕಟ್ಟಬೇಡಿ, ಒಳಗೆ ಗುಳ್ಳೆ ಎದ್ದು ಸದ್ದು ಮಾಡಿ ಇಂಪೆಲರನ್ನು (ನೀರು ತಳ್ಳುವ ಒಳಗಿನ ರೆಕ್ಕೆಚಕ್ರ) ತಿನ್ನುತ್ತದೆ.

ಎಸಿಯೋ ಡಿಸಿಯೋ? ಎಸಿ ಪಂಪ್ ಅಗ್ಗ, ಒಳಗೆ ಕೆಡುವಂಥದ್ದು ಕಡಿಮೆ, ಇಂಪೆಲರ್ ಬದಲಿಸಿದರೆ ಮತ್ತೆ ವರ್ಷಗಟ್ಟಲೆ ಓಡುತ್ತದೆ. ಡಿಸಿಯಲ್ಲಿ ವೇಗ ಹೊಂದಿಸಬಹುದು, ಸದ್ದು ಕಡಿಮೆ, ಮೀನಿಗೆ ತಿನ್ನಿಸುವಾಗ ಹತ್ತು ನಿಮಿಷ ನಿಲ್ಲಿಸುವ ಬಟನ್ ಇರುತ್ತದೆ. ಆದರೆ ಕಂಟ್ರೋಲರ್ ಮತ್ತು ಅಡಾಪ್ಟರ್ ಎಂಬ ಎರಡು ಹೊಸ ದುರ್ಬಲ ಕೊಂಡಿಗಳು ಸೇರಿಕೊಳ್ಳುತ್ತವೆ. ಉಪ್ಪುನೀರಿನ ಟ್ಯಾಂಕಿನ ಕೆಳಗೆ, ತೇವದಲ್ಲಿ, ಮೊದಲು ಕೈಕೊಡುವುದು ಅವೇ. ನೂರು ಲೀಟರಿನ ಟ್ಯಾಂಕಿಗೆ ನನ್ನ ಒಲವು ಎಸಿ ಕಡೆಗೇ. ವ್ಯಾಟ್ ಕೂಡ ನೋಡಿ: ನೀರಿನೊಳಗೆ ಮುಳುಗಿರುವ ಪಂಪ್ ತಿನ್ನುವ ಕರೆಂಟು ಹೆಚ್ಚುಕಡಿಮೆ ಪೂರ್ತಿ ನೀರಿಗೇ ಶಾಖವಾಗಿ ಸೇರುತ್ತದೆ. 40 ವ್ಯಾಟಿನದನ್ನು ತಂದರೆ ಬೇಸಿಗೆಯಲ್ಲಿ ದಿನವಿಡೀ ಸಣ್ಣ ಹೀಟರ್ ಉರಿಸಿದ ಹಾಗೆ.

ಪೈಪು ಜೋಡಿಸುವ ಮೊದಲು ಕರೆಂಟು ಹೋದರೆ ಏನಾಗುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿ. ಪಂಪ್ ನಿಂತ ಕ್ಷಣ ರಿಟರ್ನ್ ಪೈಪು ಸೈಫನ್ ಆಗಿ ತಿರುಗಿ, ನಾಜಲ್ಲಿಗೆ ಗಾಳಿ ಸಿಗುವ ತನಕ ಟ್ಯಾಂಕಿನ ನೀರನ್ನು ಕೆಳಗೆಳೆಯುತ್ತದೆ. ನಮ್ಮ ಟ್ಯಾಂಕಿನಲ್ಲಿ ಒಂದು ಸೆಂ.ಮೀ. ನೀರೆಂದರೆ 2.7 ಲೀಟರ್. ನಾಜಲ್ 4 ಸೆಂ.ಮೀ. ಆಳದಲ್ಲಿದ್ದರೆ 10.8 ಲೀಟರ್, ಪೈಪಿನಲ್ಲೂ ಓವರ್‌ಫ್ಲೋ ಪೆಟ್ಟಿಗೆಯಲ್ಲೂ (ಟ್ಯಾಂಕಿನ ಉಕ್ಕಿದ ನೀರು ಡ್ರೈನಿಗೆ ಬೀಳುವ ಪೆಟ್ಟಿಗೆ) ಇರುವ ಒಂದು ಲೀಟರ್ ಸೇರಿಸಿದರೆ ಹನ್ನೆರಡರ ಹತ್ತಿರ. 45 × 30 ಸೆಂ.ಮೀ. ಸಂಪಿನಲ್ಲಿ ಇದು ಸುಮಾರು 9 ಸೆಂ.ಮೀ. ಏರಿಕೆ. ಅಷ್ಟು ಜಾಗ ಖಾಲಿ ಇಲ್ಲವೆಂದರೆ ಉಳಿದದ್ದು ನೆಲಕ್ಕೆ. ನಾಜಲ್ಲನ್ನು 1 ಸೆಂ.ಮೀ. ಆಳಕ್ಕೆ ಎತ್ತಿದರೆ ಏರಿಕೆ 3 ಸೆಂ.ಮೀ.ಗೂ ಕಡಿಮೆ.

ನೀರಿನ ಮಟ್ಟದ ಸ್ವಲ್ಪ ಕೆಳಗೆ ಪೈಪಿಗೆ 3–4 ಮಿ.ಮೀ. ತೂತು ಕೊರೆದರೆ ಸೈಫನ್ ಅಲ್ಲೇ ಕಡಿಯುತ್ತದೆ, ಪಾಚಿಯೋ ಮರಿ ಬಸವನಹುಳುವೋ ಅದನ್ನು ಮುಚ್ಚುವ ತನಕ. ಎನ್‌ಆರ್‌ವಿ (ನೀರನ್ನು ಹಿಂದಕ್ಕೆ ಬಿಡದ ವಾಲ್ವ್) ಹಾಕಿದ್ದೇವಲ್ಲ ಎಂದು ನಿಶ್ಚಿಂತರಾಗುವವರಿಗೂ ಇದೇ ಉತ್ತರ: ಅದರ ಬಾಗಿಲಿಗೆ ಒಂದು ಮರಳಿನ ಕಣ ಸಿಕ್ಕಿಕೊಂಡರೆ ಸಾಕು, ರಾತ್ರಿಯಿಡೀ ನೀರು ಜಿನುಗುತ್ತದೆ. ಹಾಕಿ, ಬೇಡವೆನ್ನುವುದಿಲ್ಲ. ಆದರೆ ಅದು ಇಲ್ಲವೆಂದೇ ಭಾವಿಸಿ ಸಂಪಿನಲ್ಲಿ ಜಾಗ ಬಿಡಿ.

ಇದಕ್ಕೆ ತಿರುಗುಮುರುಗಾದ ಲೆಕ್ಕವನ್ನು ಹಾಕುವವರು ಕಡಿಮೆ. ಡ್ರೈನ್ ಕಟ್ಟಿಕೊಂಡು ಪಂಪ್ ಓಡುತ್ತಲೇ ಇದ್ದರೆ? ಪಂಪ್ ಇರುವ ಕೋಣೆ 20 × 30 ಸೆಂ.ಮೀ., ನೀರು 18 ಸೆಂ.ಮೀ.ನಿಂದ 5ಕ್ಕೆ ಇಳಿದಾಗ ಪಂಪ್ ಗಾಳಿ ಎಳೆಯುತ್ತದೆ ಎಂದುಕೊಳ್ಳಿ. ಅಷ್ಟರಲ್ಲಿ 7.8 ಲೀಟರ್ ಮೇಲೆ ಹೋಗಿರುತ್ತದೆ, ಟ್ಯಾಂಕಿನಲ್ಲಿ ಸುಮಾರು 3 ಸೆಂ.ಮೀ. ಏರಿಕೆ. ಅಂಚಿಗೆ ಅದಕ್ಕಿಂತ ಹೆಚ್ಚು ಜಾಗ ಇರಲೇಬೇಕು. ಆವಿಯಾದ ನೀರನ್ನು ತಾನಾಗಿ ತುಂಬುವ ಆಟೋ ಟಾಪ್-ಆಫ್ ಇದ್ದರೆ ಇನ್ನೂ ಅಪಾಯ: ಕೋಣೆಯ ಮಟ್ಟ ಇಳಿಯಿತೆಂದು ಅದು ಸಿಹಿನೀರು ಸುರಿಯುತ್ತಲೇ ಹೋಗುತ್ತದೆ. ನೆಲವೂ ಒದ್ದೆ, ಟ್ಯಾಂಕಿನ ಉಪ್ಪೂ ಇಳಿಕೆ. ಅದರ ಕ್ಯಾನು ಚಿಕ್ಕದಿರಲಿ.

ಇದೇ ಕಾರಣಕ್ಕೆ ಡ್ರೈನ್ ಯಾವಾಗಲೂ ರಿಟರ್ನಿಗಿಂತ ದಪ್ಪ. ಈ ಹರಿವಿಗೆ 25 ಮಿ.ಮೀ. ಸಾಕು, ಎರಡು ಪೈಪು ಹಾಕಲು ಜಾಗವಿದ್ದರೆ ಒಂದನ್ನು ಗೇಟ್ ವಾಲ್ವಿನಿಂದ ಬಿಗಿಮಾಡಿ ಪೂರ್ತಿ ಸೈಫನ್ನಾಗಿ ಸದ್ದಿಲ್ಲದೆ ಓಡಿಸಿ, ಇನ್ನೊಂದನ್ನು ವಾಲ್ವ್ ಇಲ್ಲದೆ ಸ್ವಲ್ಪ ಎತ್ತರದಲ್ಲಿ ತುರ್ತಿಗೆ ಬಿಡಿ. ಬಾಲ್ ವಾಲ್ವಿನಲ್ಲಿ ಈ ಸೂಕ್ಷ್ಮ ಸಿಗುವುದಿಲ್ಲ, ಕೂದಲೆಳೆ ತಿರುಗಿಸಿದರೆ ಹರಿವು ಎಲ್ಲೆಲ್ಲೋ ಹೋಗುತ್ತದೆ.

ಜೋಡಣೆಗೆ ಬಂದರೆ, ಪಂಪಿನಿಂದ ಹೊರಟ ಮೊದಲ 15–20 ಸೆಂ.ಮೀ. ಮೆತ್ತನೆಯ ಸಿಲಿಕಾನ್ ಟ್ಯೂಬ್ ಇರಲಿ. ಪಂಪಿಗೆ ನೇರ ಪಿವಿಸಿ ಬಿಗಿದರೆ ನಡುಕವೆಲ್ಲ ಸ್ಟ್ಯಾಂಡಿಗೆ ಹತ್ತಿ ಗುಂಯ್ ಎನ್ನುತ್ತದೆ. ಉಪ್ಪುನೀರಿನಲ್ಲಿ ಸ್ಟೀಲ್ ಕ್ಲಾಂಪ್ ತುಕ್ಕು ಹಿಡಿಯುತ್ತದೆ, ನೈಲಾನಿನದು ಹಾಕಿ. ಹಿತ್ತಾಳೆ, ತಾಮ್ರ ಎಲ್ಲೂ ಬೇಡ. ಸೀಗಡಿಗೂ ಹವಳಕ್ಕೂ ತಾಮ್ರ ವಿಷ. ಟ್ಯೂಬಿನ ಮೇಲೆ, ನೀರಿಗಿಂತ ಎತ್ತರದಲ್ಲಿ, ಒಂದು ಯೂನಿಯನ್ ಬಾಲ್ ವಾಲ್ವ್, ಅಂದರೆ ಕೈಯಲ್ಲೇ ತಿರುಗಿಸಿ ಬಿಚ್ಚಬಹುದಾದ ವಾಲ್ವ್. ಇದಿಲ್ಲದಿದ್ದರೆ ಪಂಪ್ ತೊಳೆಯುವ ದಿನ ಗರಗಸ ಬೇಕಾಗುತ್ತದೆ.

ಫಿಟ್ಟಿಂಗ್ ಕೊಳ್ಳುವಾಗ ಒಂದು ಎಚ್ಚರ: ಮಿ.ಮೀ. ಅಳತೆಯ 20ರ ಪೈಪಿನ ಹೊರವ್ಯಾಸ 20 ಮಿ.ಮೀ., ಇಂಚಿನ ಅಳತೆಯ ಅರ್ಧ ಇಂಚಿನ ಪಿವಿಸಿ ಪೈಪಿನದು 21.3. ಕೈಯಲ್ಲಿ ಒಂದೇ ಅನ್ನಿಸುತ್ತವೆ, ಒಂದರೊಳಗೊಂದು ಕೂರುವುದಿಲ್ಲ. ಗಮ್ ಬಳಿದು ಕೂರಿಸಿದರೆ ಸೋರುತ್ತದೆ. ಎಲ್ಲವನ್ನೂ ಒಣದಾಗಿಯೇ ಜೋಡಿಸಿ ನೋಡಿ, ಕೀಲುಗಳ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು, ಆಮೇಲೆ ಬಿಚ್ಚಿ ಸಾಲ್ವೆಂಟ್ ಸಿಮೆಂಟ್ ಹಚ್ಚಿ. ತುದಿ ನೇರವಾಗಿ ಕತ್ತರಿಸಿ, ಸಿಬಿರು ಕೆರೆದು, ಎರಡೂ ಕಡೆ ಬಳಿದು, ಕಾಲು ಸುತ್ತು ತಿರುಗಿಸುತ್ತಾ ಒಳಗೆ ತಳ್ಳಿ, ಗೆರೆ ಕೂಡಿಸಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬಿಟ್ಟರೆ ಪೈಪು ತಾನಾಗಿ ಹೊರಕ್ಕೆ ಜಾರುತ್ತದೆ. 24 ಗಂಟೆ ಬಿಟ್ಟು ನೀರು ಬಿಡಿ; ಆ ಮೊದಲ ನೀರನ್ನು ಚೆಲ್ಲಿಬಿಡಿ.

ಗಾಜಿನ ತೂತಿನಲ್ಲಿ ಪೈಪು ಕೂರಿಸುವ ಬಲ್ಕ್‌ಹೆಡ್ಡಿನ ರಬ್ಬರ್ ವಾಷರ್ ಫ್ಲ್ಯಾಂಜ್ (ಅಗಲ ಅಂಚು) ಇರುವ ಕಡೆಗೆ, ಅಂದರೆ ನೀರಿನ ಬದಿಗೆ. ಸಿಲಿಕಾನ್ ಬೇಡ. ನಟ್ ಕೈಯಲ್ಲಿ ಬಿಗಿದು ಕಾಲು ಸುತ್ತು ಹೆಚ್ಚು, ಅಷ್ಟೇ. ಸ್ಪ್ಯಾನರ್ ಹಾಕಿ ಹಿಂಡಿದರೆ ಒಡೆಯುವುದು ಗಾಜು. ತೂತು ಕೊರೆಯುವ ಮುಂಚೆ ಗಾಜು ಟೆಂಪರ್ಡ್ (ಕಾಯಿಸಿ ಗಟ್ಟಿಮಾಡಿದ್ದು) ಅಲ್ಲವೆಂದು ಖಚಿತಪಡಿಸಿಕೊಳ್ಳಿ, ಟೆಂಪರ್ಡ್ ಆದರೆ ಬಿಟ್ ತಾಗಿ ಗಾಜೆಲ್ಲ ಪುಡಿಪುಡಿ.

ಎಲ್ಲ ಮುಗಿದ ಮೇಲೆ ನಾಜಲ್ಲಿನ ನೀರನ್ನು ಅಳತೆಯ ಜಗ್ಗಿಗೆ ಹಿಡಿಯಿರಿ. 2 ಲೀಟರ್ 15 ಸೆಕೆಂಡಿಗೆ ತುಂಬಿದರೆ ಗಂಟೆಗೆ 480. ಆಮೇಲೆ ಪ್ಲಗ್ ಕೀಳಿ. ಸಂಪಿನ ನೀರು ಏರಿ ನಿಂತ ಜಾಗ ಅಂಚಿನೊಳಗಿದ್ದರೆ, ಪಂಪ್ ಮತ್ತೆ ಹಾಕಿ ಮಟ್ಟ ಸ್ಥಿರವಾದಾಗ ಅಲ್ಲೊಂದು ಟೇಪು ಅಂಟಿಸಿ: ಓಡುತ್ತಿರುವಾಗ ಇದಕ್ಕಿಂತ ಮೇಲೆ ನೀರು ತುಂಬಕೂಡದು. ಪ್ಲಗ್ಗಿಗೆ ಹೋಗುವ ವೈರು ಒಂದು ಕಡೆ ಪ್ಲಗ್ಗಿಗಿಂತ ಕೆಳಗೆ ಜೋತು ಬೀಳಲಿ, ತೊಟ್ಟಿಕ್ಕಿದ ನೀರು ಅಲ್ಲೇ ಉದುರುತ್ತದೆ. ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇರಲಿ.

ತಿಂಗಳುಗಳು ಕಳೆದಂತೆ ಹರಿವು ಇಳಿದರೆ ಹೊಸ ಪಂಪಿಗೆ ಓಡಬೇಡಿ. ಇಂಪೆಲರ್ ಮೇಲೆ ಸುಣ್ಣ ಕಟ್ಟಿರುತ್ತದೆ. ಬಿಳಿ ವಿನಿಗರ್ ಅರ್ಧ, ನೀರು ಅರ್ಧ ಹಾಕಿದ ಬಕೆಟ್ಟಿನಲ್ಲಿ ಪಂಪನ್ನು ಒಂದು ಗಂಟೆ ಓಡಿಸಿ, ಇಂಪೆಲರ್ ಬಿಚ್ಚಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಅದು ತಿರುಗುವ ಸಿರಾಮಿಕ್ ಕಡ್ಡಿಯನ್ನು ಬೆಳಕಿಗೆ ಹಿಡಿದು ಬಿರುಕಿದೆಯೇ ನೋಡಿ. ಬಿರುಕಿದ್ದರೆ ಆ ಕಡ್ಡಿಯನ್ನೂ ಇಂಪೆಲರನ್ನೂ ಮಾತ್ರ ಬದಲಿಸಿ. ಒಂದು ಜೊತೆಯನ್ನು ಪಂಪ್ ಕೊಳ್ಳುವ ದಿನವೇ ತಂದಿಟ್ಟುಕೊಳ್ಳುವುದು ಒಳ್ಳೆಯದು, ಆ ಮಾಡೆಲ್ ನಿಂತುಹೋದ ಮೇಲೆ ಅವು ಸಿಗುವುದಿಲ್ಲ.